ಎಡಗಣ್ಣಿನ ಕುಳಿ

ಜೆ.ಪಿ. ನಗರದ ಆ ಸಂಶೋಧನಾಲಯದಲ್ಲಿ ಖಾಲಿಯಿದ್ದದ್ದು ಒಂದೇ ಪೋಸ್ಟ್‌ಡಾಕ್ ಹುದ್ದೆ. ಮಿದುಳು ಹೇಗೆ ನೋಡುತ್ತದೆ ಎಂಬುದರ ಮೇಲೆ ಕೆಲಸ. ಕೊನೆಯ ಸುತ್ತಿಗೆ ಉಳಿದವರು ಇಬ್ಬರು, ಶ್ರೀಕರ್ ಮತ್ತು ಇಂಚರ. ಒಂದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡಿದವರು. ಇಂಚರಳಿಗೆ ಹುದ್ದೆ ಬೇಕಾಗಿತ್ತು. ಅದಕ್ಕಿಂತ ಮೊದಲು ಶ್ರೀಕರನ ಸೋಲು ಬೇಕಾಗಿತ್ತು.

ದೃಷ್ಟಿಯ ಪ್ರಯೋಗಗಳಲ್ಲಿ ಸಂಶೋಧಕರು ಮೊದಲು ತಮ್ಮ ಕಣ್ಣನ್ನೇ ಅಳೆದುಕೊಳ್ಳುವುದು ವಾಡಿಕೆ. ಎರಡು ವರ್ಷಗಳ ಹಿಂದೆ ಇಂಚರ, ಹೊಸ ಉಪಕರಣವನ್ನು ಪರೀಕ್ಷಿಸಲೆಂದು, ಕತ್ತಲೆಯ ಕೋಣೆಯಲ್ಲಿ ಗಲ್ಲವನ್ನು ಆಸರೆಯ ಮೇಲಿಟ್ಟು, ಬಲಗಣ್ಣು ಮುಚ್ಚಿ, ಪರದೆಯಲ್ಲಿ ಮಿನುಗುವ ಚುಕ್ಕಿಗಳಿಗೆ ಗುಂಡಿ ಒತ್ತುತ್ತ ಕುಳಿತಿದ್ದಳು. ಅಷ್ಟರಲ್ಲಿ ಅಜ್ಜಿ ಸೀತಮ್ಮ ತೀರಿಕೊಂಡರು. ಉತ್ತರಹಳ್ಳಿಯ ಮನೆಯಲ್ಲಿ ಕರ್ಮಾಂತರ ಮುಗಿಸಿ ಅವಳು ಹಿಂದಿರುಗುವಷ್ಟರಲ್ಲಿ, ಆ ಅಳತೆಗಳು ಶ್ರೀಕರನ ಲೇಖನವಾಗಿ ಸಂಶೋಧನಾ ಪತ್ರಿಕೆಗೆ ಹೋಗಿದ್ದವು.

"ಲ್ಯಾಬ್ ಡೇಟಾ ಕಣೇ. ಯಾರ ಕಣ್ಣಾದ್ರೇನು?" ಎಂದಿದ್ದ. ಅವರಿಬ್ಬರ ಪಿಎಚ್.ಡಿ. ಗುರುಗಳಿಗೆ ಮಾತ್ರ ಅದು ತನ್ನ ಕಣ್ಣೆಂದು ಹೇಳಿದ್ದ, ಅವರು ನಂಬಿದ್ದರು.

ದೂರು ಕೊಡಲು ಹೊರಟ ಇಂಚರ, ಲೇಖನವನ್ನು ಓದಿ ಸುಮ್ಮನಾದಳು. ಅಳತೆಗಳನ್ನು ಗೆರೆಯಾಗಿ ಎಳೆದ ನಕ್ಷೆಯ ನಡುವೆ ಒಂದು ಕುಳಿಯಿತ್ತು. ಅಷ್ಟು ಜಾಗದಲ್ಲಿ ಕಣ್ಣಿಗೆ ಚುಕ್ಕಿ ಕಂಡಿರಲಿಲ್ಲ. ಆರೋಗ್ಯವಂತ ಮಿದುಳೇ ನಡುನೋಟವನ್ನು ಕ್ಷಣಕಾಲ ನಂದಿಸುತ್ತದೆ ಎಂದು ಶ್ರೀಕರ್ ಅದನ್ನು ಹೊಸ ಶೋಧವಾಗಿ ಸಾರಿದ್ದ. ನಿಜ ಬಲ್ಲವಳು ಅವಳೊಬ್ಬಳೇ. ಬಾಲ್ಯದಲ್ಲಿ, ಸಂಕ್ರಾಂತಿಯ ಮರುದಿನ, ಅಜ್ಜಿಗೆ ತಿಳಿಯದಂತೆ ತಾರಸಿ ಹತ್ತಿ, ಬಲಗಣ್ಣು ಮುಚ್ಚಿಕೊಂಡು ಬರಿಯ ಎಡಗಣ್ಣಿನಿಂದ ಸೂರ್ಯಗ್ರಹಣ ನೋಡಿದ್ದಳು. ಆ ಕುಳಿ ಸೂರ್ಯ ಸುಟ್ಟ ಗುರುತು. ದೃಷ್ಟಿಯ ಪ್ರಯೋಗಾಲಯ ತನ್ನನ್ನು ಸೇರಿಸಿಕೊಳ್ಳಲಾರದೆಂಬ ಅಂಜಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಆ ಲೇಖನ ಶ್ರೀಕರನಿಗೆ ಹೆಸರು ತಂದಿತು. ಅವಳು ಕಾದಳು.

ಸಂದರ್ಶನದ ದಿನ, ಇಬ್ಬರೂ ತಮ್ಮ ಕೆಲಸವನ್ನು ಎಲ್ಲರೆದುರು ವಿವರಿಸಬೇಕಿದ್ದ ಸಭೆಯಲ್ಲಿ, ಅವನು ಅದೇ ನಕ್ಷೆಯನ್ನು ತೋರಿಸಿದ. "ಇದು ನನ್ನ ಎಡಗಣ್ಣಿಂದೇ ಸಾರ್."

"ಬಹಳ ಬೆಲೆಬಾಳೋ ಕಣ್ಣಪ್ಪ ನಿಂದು," ಎಂದರು ಸಂಶೋಧನಾಲಯದ ಮುಖ್ಯಸ್ಥ ಬದರಿನಾಥರು.

ಹಿಂದಿನ ಸಾಲಿನಿಂದ ಇಂಚರ ಕೈಯೆತ್ತಿದಳು. "ಪಕ್ಕದ ರೂಮಲ್ಲೇ ಮಷೀನ್ ಇದೆ ಸಾರ್. ಅವರು ಒಂದ್ಸಲ ಕೂತ್ರೆ ನಾವೂ ನೋಡ್ಬಹುದು."

"ಕಣ್ಣು ಡ್ರೈ ಆಗಿದೆ, ಇವತ್ತು ಬೇಡ," ಎಂದ ಶ್ರೀಕರ್.

"ಹನಿ ಔಷಧಿ ಇದೆ, ಹಾಕ್ಕೊಳಪ್ಪ," ಎಂದು ಬದರಿನಾಥರು ಎದ್ದೇಬಿಟ್ಟರು.

ಪಕ್ಕದ ಕೋಣೆಯ ಪರದೆಯ ಮೇಲೆ ಶ್ರೀಕರನ ಎಡಗಣ್ಣಿನ ಗೆರೆ ಮೇಜಿನ ಅಂಚಿನಂತೆ ಮಟ್ಟಸವಾಗಿ ಬಂತು. ಕುಳಿಯಿರಲಿಲ್ಲ.

"ಸ್ವಲ್ಪ ನರ್ವಸ್ ಆಗಿದೀನಿ ಸಾರ್."

"ನರ್ವಸ್ ಆದ್ರೆ ಜಾಸ್ತಿ ಕಾಣುತ್ತಾ, ಶ್ರೀ?" ಎಂದು ಇಂಚರ ತಾನೇ ಆಸರೆಯ ಮೇಲೆ ಗಲ್ಲವಿಟ್ಟಳು. ಕುಳಿ ಬಂತು. ಅದೇ ಜಾಗ, ಅದೇ ಅಗಲ. ಆಮೇಲೆ ಗ್ರಹಣದ ಸಂಗತಿಯನ್ನೂ ಕಳುವಾದ ಅಳತೆಗಳ ಸಂಗತಿಯನ್ನೂ ಹೇಳಿದಳು.

ಬದರಿನಾಥರು ಕನ್ನಡಕ ತೆಗೆದರು. "ಗೊತ್ತಿದ್ದೂ ಎರಡು ವರ್ಷ ಸುಮ್ನಿದ್ಯಲ್ಲಮ್ಮ. ನಮ್ಮ ಹುಡುಗ್ರು ಆ ಪೇಪರ್ ನಂಬ್ಕೊಂಡು ಇಲ್ಲಿ ದುಡೀತಾ ಇದ್ರು. ಅವತ್ತೇ ಯಾಕೆ ಹೇಳ್ಲಿಲ್ಲ?"

"ಅವತ್ತು ಕಳ್ಕೊಳ್ಳೋಕೆ ಅವನ ಹತ್ರ ಏನೂ ಇರ್ಲಿಲ್ಲ ಸಾರ್."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಆ ಪತ್ರಿಕೆಗೆ ನಾನೇ ಬರೀತೀನಿ. ಈ ಕೆಲಸಕ್ಕೆ ಮಾತ್ರ ಈ ಸಲ ಯಾರನ್ನೂ ತಗೊಳ್ಳಲ್ಲ," ಎಂದು ಹೊರನಡೆದರು.

ಹೊರಗೆ ಅಂಗಳದಲ್ಲಿ ಶ್ರೀಕರ್ ಅವಳನ್ನು ತಡೆದ. "ನಿಂಗೂ ಸಿಗ್ಲಿಲ್ವಲ್ಲೇ. ಏನ್ ಲಾಭ ಆಯ್ತು?"

ಅವನು ಗೇಟಿನ ಕಡೆಗೆ ನಡೆದ. ಸಾಕಷ್ಟು ದೂರ ಹೋದ ಮೇಲೆ ಇಂಚರ ಬಲಗಣ್ಣನ್ನು ಮುಚ್ಚಿ, ಎಡಗಣ್ಣನ್ನು ನೇರವಾಗಿ ಅವನ ತಲೆಯ ಮೇಲೆ ನೆಟ್ಟಳು. ತಲೆ ಮಾಯವಾಯಿತು. ಅದಿದ್ದ ಜಾಗವನ್ನು ಕಾಂಪೌಂಡಿನ ಹಳದಿ ಸುಣ್ಣ ತುಂಬಿಕೊಂಡಿತು. ಒಂದು ಅಂಗಿ, ಒಂದು ಚೀಲ, ಎರಡು ಕಾಲು ಹೋಗುತ್ತಿದ್ದವು.

ಅವು ತಿರುವು ದಾಟುವವರೆಗೂ ಅವಳು ಬಲಗಣ್ಣನ್ನು ತೆರೆಯಲಿಲ್ಲ.