ಹೊಸ್ತಿಲಿಗೆ ಬಂದ ಒಂಬತ್ತು ಲಿಂಬಿ ಸಿಪ್ಪೆ

ಚೊಳಚಗುಡ್ಡದ ಬೋರವ್ವ ಅವತ್ತು ಬೆಳಗ್ಗೆ ಕಸಬರಿಗೆ ಹಿಡಿದು ಬಾಗಿಲು ತೆಗೆದಳು. ತೆಗೆದವಳು ಅಲ್ಲೇ ನಿಂತಳು. ಹೊಸ್ತಿಲ ಹೊರಗೆ ಒಣಗಿ ಮುರುಟಿದ ಲಿಂಬಿ ಸಿಪ್ಪೆ ಬಿದ್ದಿದ್ದವು. ಒಂದಲ್ಲ, ಎರಡಲ್ಲ, ಒಂಬತ್ತು. ನಡುವೆ ಹರಿದ ಕೆಂಪು ಅರಿವೆಯ ಚೂರು. ಸಾಲದ್ದಕ್ಕೆ ಅವತ್ತು ಅಮಾವಾಸ್ಯೆ.

"ಏನ್ರಿ, ಸ್ವಲ್ಪ ಇಲ್ಲಿ ಬರ್ರಿ."

ಗಂಡ ಹುಲ್ಲಪ್ಪ ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಬಂದ. ನೋಡಿದ. ಪುಡಿ ನುಂಗಿಬಿಟ್ಟ. ಕುರಿ ಹಿಂಡಿಗೆ ತೋಳ ನುಗ್ಗಿದಾಗ ಬಡಿಗೆ ಹಿಡಿದು ಓಡಿಸಿದ ಗಂಡಸು ಅವನು. ಲಿಂಬಿ ಸಿಪ್ಪೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಮಾಟ! ಯಾರೋ ಮಾಟ ಮಾಡಿಸ್ಯಾರ. ಹೊರಗ ಕಾಲಿಡಬ್ಯಾಡ!"

"ಹಂಗಾರ ಕುರಿ ಬಿಡಾವ್ರು ಯಾರ್ರಿ?"

ಹಟ್ಟಿಯಲ್ಲಿ ಕುರಿಗಳು ಒದರುತ್ತಿದ್ದವು. ಹೊಸ್ತಿಲು ದಾಟಬಾರದೆಂದು ಹುಲ್ಲಪ್ಪ ಹಿತ್ತಲ ಗೋಡೆ ಹತ್ತಿದ. ಐವತ್ತೆರಡು ವರ್ಷದ ಮನುಷ್ಯ ಗೋಡೆಯ ಮೇಲೆ ಕುದುರೆ ಸವಾರನಂತೆ ಕೂತು, ಆ ಕಡೆ ಕಾಲು ಇಳಿಬಿಟ್ಟು, ಸೀದಾ ತಿಪ್ಪೆಯೊಳಗೆ ಬಿದ್ದ.

"ನೋಡಿದ್ಯಾ? ಮಾಟದ ಹೊಡತ ಸುರು ಆತು!" ಎಂದು ತಿಪ್ಪೆಯೊಳಗಿಂದಲೇ ಕೂಗಿದ. "ಆಚಿ ಊರಾಗ ಮಾಟ ಬಿಡಸಾಂವ ಒಬ್ಬ ಅದಾನ. ಒಂದ ಕರಿ ಕೋಳಿ ಕೊಟ್ರ ಎಲ್ಲಾ ತಗದ ಒಗೀತಾನಂತ."

"ನಮ್ಮ ಕರಿ ಕೋಳಿ ದಿನಾ ತತ್ತಿ ಇಡ್ತದರಿ!"

"ಕೋಳಿ ದೊಡ್ಡದೋ, ಗಂಡ ದೊಡ್ಡಾಂವೋ?"

ಬೋರವ್ವ ವಿಚಾರ ಮಾಡತೊಡಗಿದಳು. ಆಕೆ ಅಷ್ಟು ಹೊತ್ತು ವಿಚಾರ ಮಾಡಿದ್ದು ಹುಲ್ಲಪ್ಪನಿಗೆ ಸರಿ ಬರಲಿಲ್ಲ.

ಆದರೆ ಅವಳ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬೇರೆ. ಪಕ್ಕದ ಮನೆಯ ಚಂದವ್ವ ಮತ್ತು ಅವಳು ಒಂದೇ ಮಹಿಳಾ ಸಂಘದವರು. ಹತ್ತು ವರ್ಷದಿಂದ ಬನಶಂಕರಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ ಊಟ ಮಾರುವವರು. ರೊಟ್ಟಿ ಬೋರವ್ವನದು, ಪಲ್ಯ, ಚಟ್ನಿ ಚಂದವ್ವನದು. ಅವತ್ತು ಮಧ್ಯಾಹ್ನ ಬಾದಾಮಿಯಲ್ಲಿ ಅಂಗನವಾಡಿಯವರ ತರಬೇತಿಗೆ ಅರವತ್ತು ಊಟ ಒಯ್ಯಬೇಕಿತ್ತು. ಇಷ್ಟು ದೊಡ್ಡ ಊಟದ ಕೆಲಸ ಅವರಿಗೆ ಸಿಕ್ಕಿದ್ದು ಅದೇ ಮೊದಲು.

ಹಿಂದಿನ ಸಂಜೆ ಚಂದವ್ವ, "ನಿನ್ನ ರೊಟ್ಟಿ ಈಗೀಗ ದಪ್ಪ ಆಗಾಕತ್ಯಾವ" ಅಂದಿದ್ದಳು. "ನಿನ್ನ ನಾಲಿಗಿ ಉದ್ದ ಆಗೇತಿ" ಅಂತ ಬೋರವ್ವ ಅಂದಿದ್ದಳು. ಇಬ್ಬರೂ ಸಿಟ್ಟಿನಿಂದ ಬಾಗಿಲು ಹಾಕಿಕೊಂಡಿದ್ದರು.

"ಅಷ್ಟಕ್ಕ ಆಕಿ ಹಿಂಗ ಮಾಡ್ಯಾಳಾ?" ಬೋರವ್ವನ ಕಣ್ಣು ತುಂಬಿದವು. ಒಲೆ ಹಚ್ಚಲಿಲ್ಲ. ಹಿಟ್ಟು ಕಲಸಲಿಲ್ಲ.

ಒಂಬತ್ತು ಗಂಟೆಗೆ ಚಂದವ್ವನೇ ಬಂದಳು. "ಬೋರವ್ವಾ, ಹೊತ್ತು ಎಲ್ಲಿಗಿ ಬಂತು! ರೊಟ್ಟಿ ಎಲ್ಲಿ ಅದಾವ?" ಅನ್ನುತ್ತ ಹೊಸ್ತಿಲು ನೋಡಿದಳು. "ಅಯ್ಯ ನನ್ನ ಸಿಪ್ಪಿ! ಇಲ್ಲೇ ಅದಾವಲ್ಲ!" ಎಂದು ಒಂದೊಂದೇ ಆರಿಸಿ ಉಡಿಯಲ್ಲಿ ಹಾಕಿಕೊಂಡಳು.

"ಮುಟ್ಟಬ್ಯಾಡಬೇ!" ಹುಲ್ಲಪ್ಪ ಕುರಿ ಹಟ್ಟಿಯಿಂದ ಚೀರಿದ.

"ಯಾಕ ಮುಟ್ಟಬಾರದಣ್ಣ? ಮಾಳಗಿ ಮ್ಯಾಲ ಒಣಗಾಕ ಹಾಕಿದ್ದೆ. ಹಳೀ ಕೆಂಪು ಸೀರಿ ಸೆರಗ ಮುಚ್ಚಿದ್ದೆ. ಮಂಗ್ಯಾನ ದಂಡು ಬಂದು ಸೆರಗ ಹರದು ಓಣಿ ತುಂಬ ಹಂಚ್ಯಾವ. ಕಹಿ ಹತ್ತೇತಿ, ಉಗುಳಿ ಹೋಗ್ಯಾವ. ನೋಡಿಲ್ಲಿ, ಹಲ್ಲಿನ ಗುರ್ತ."

ಗುರುತು ಖರೆ ಇತ್ತು. ಬೋರವ್ವನಿಗೆ ಅಳುವೂ ಬಂತು, ನಗುವೂ ಬಂತು. "ಯವ್ವಾ, ನೀ ಮಾಟ ಮಾಡಿಸೀದಿ ಅಂತ ತಿಳ್ಕೊಂಡಿದ್ದೆ."

"ನಿನ್ನ ಮ್ಯಾಲ ಸಿಟ್ಟಿದ್ರ ನನಗ ಬಾಯಿ ಇಲ್ಲೇನ? ಲಿಂಬಿ ಯಾಕ ಹಾಳ ಮಾಡ್ಲಿ? ಏಳು, ಒಲಿ ಹಚ್ಚು. ಅರವತ್ತು ಮಂದಿ ಹಸದು ಕುಂದರ್ತಾರ."

ಇಬ್ಬರೂ ಹೆಂಚಿನ ಮುಂದೆ ಕೂತರು. ಕೈ ರೊಟ್ಟಿ ಬಡಿಯುತ್ತಿದ್ದರೂ ಬೋರವ್ವನ ಸಂಶಯ ಮುಗಿದಿರಲಿಲ್ಲ. "ರಸ ಹಿಂಡಿ ಒಗಿಯೂ ಸಿಪ್ಪಿ. ಒಣಗಿಸಿ ಏನ ಬಂಗಾರ ಮಾಡ್ತಿ?"

"ನಿಮ್ಮ ನೀರು ಕಾಸೂ ಬೋಗಾಣಿ ಕೊಡು."

ಬೋರ್‌ವೆಲ್ ನೀರಿಗೆ ಆ ಬೋಗಾಣಿಯ ಒಳಗೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿತ್ತು. ಚಂದವ್ವ ಮಂಗ ಕಚ್ಚಿದ ಸಿಪ್ಪೆಗಳನ್ನು ತೊಳೆದು ಅದರಲ್ಲಿ ನೀರು ಹಾಕಿ ಕುದಿಸಿದಳು. "ಇವು ಮಂಗ್ಯಾನ ಎಂಜಲ, ಬಾಯಿಗೆ ಬರಂಗಿಲ್ಲ. ಭಾಂಡಿಗೆ ಬರ್ತಾವ." ಅರ್ಧ ತಾಸಿನ ಮೇಲೆ ನೀರು ಚೆಲ್ಲಿ ತೆಂಗಿನ ನಾರಿನಿಂದ ತಿಕ್ಕಿದಾಗ ಬಿಳಿ ಪದರ ಸುಮಾರು ಬಿಟ್ಟುಬಂತು. ಬೋರವ್ವ ಬೋಗಾಣಿಯೊಳಗೆ ಮುಖ ನೋಡಿಕೊಂಡಳು.

ಆಮೇಲೆ ಚಂದವ್ವ ತನ್ನ ಮನೆಯಿಂದ ಒಂದು ಡಬ್ಬಿ ತಂದಳು. ಮುಚ್ಚಳ ತೆಗೆದರೆ ಮನೆ ತುಂಬ ಲಿಂಬಿಯ ವಾಸನೆ. "ಇದು ಬಾಯಿಗೆ ಬರೂ ಪುಡಿ. ಹಣ್ಣು ಹಿಂಡೂಕಿಂತ ಮದಲ ಚಂದಂಗ ತೊಳೀಬೇಕು. ಸಿಪ್ಪಿ ಒಳಗಿನ ಬಿಳೀದು ಚಮಚದಿಂದ ಕೆರೀಬೇಕು, ಕಹಿ ಇರೂದು ಅದರಾಗ. ಸಣ್ಣಗ ಹೆಚ್ಚಿ, ತೆಳ್ಳನ ಅರಿವಿ ಮುಚ್ಚಿ ಒಣಗಿಸು. ಮುರದ್ರ ಪಟ್ ಅನಬೇಕು. ಮೆತ್ತಗ ಇದ್ರ ಬೂಷ್ಟು ಹಿಡೀತದ."

ಶೇಂಗಾ ಚಟ್ನಿಗೆ ಎರಡು ಚಿಟಿಕೆ ಹಾಕಿದಳು. ಬೋರವ್ವ ರೊಟ್ಟಿ ಚೂರಿಗೆ ಹಚ್ಚಿ ತಿಂದಳು. ಇನ್ನೊಂದು ಚೂರು ಮುರಿದಳು.

ಇದನ್ನು ನೋಡಿದ ಹುಲ್ಲಪ್ಪನಿಗೆ ತಡೆಯಲಾಗಲಿಲ್ಲ. ಯಾರೂ ನೋಡದಾಗ ತನ್ನ ಚಟ್ನಿಗೆ ಒಂದು ಮುಷ್ಟಿ ಪುಡಿ ಸುರಿದುಕೊಂಡು ದೊಡ್ಡ ತುತ್ತು ಹಾಕಿದ. ಅವನ ಮುಖ ಒಣಗಿದ ಲಿಂಬಿಯ ಹಾಗೇ ಆಯಿತು.

"ಯಪ್ಪಾ! ಇದು ಮಾಟಕ್ಕಿಂತ ಕಠಿಣ ಐತಿ!"

"ಚಿಟಿಕಿ ಅಂದ್ರ ಚಿಟಿಕಿ, ಅಣ್ಣ" ಅಂದಳು ಚಂದವ್ವ.

ನೀರು ಕುಡಿದು ಸುಧಾರಿಸಿಕೊಂಡ ಹುಲ್ಲಪ್ಪ ಕೇಳಿದ: "ನನಗ ಎದಿ ಉರಿ ಅದ. ಇದರ ಕಷಾಯ ಕುಡದ್ರ ಗುಳಿಗಿ ಬಿಡಬಹುದೇನ?"

"ಬಿಡಬ್ಯಾಡ ಅಣ್ಣ! ಊಟ ಆದಮ್ಯಾಲ ಬಿಸಿನೀರಾಗ ಒಂದ ತುಣುಕು ಹಾಕಿ ಕುಡದ್ರ ಬಾಯಿಗೆ ಹಿತ ಅನಸ್ತದ, ಅಷ್ಟ. ಆದ್ರ ಎದಿ ಉರಿ ಇದ್ದಾವ್ರಿಗೆ ಹುಳಿ ಆಗಿಬರಂಗಿಲ್ಲ ಅಂತ ನಮ್ಮ ಆಶಾ ಕಾರ್ಯಕರ್ತಿ ಪದ್ಮಶ್ರೀ ಬಾಯಾರು ಹೇಳ್ಯಾರ. ನೀ ದವಾಖಾನಿ ಗುಳಿಗಿನ ತಗೋ. ನಿನಗ ಬೇಕಾದ್ರ ಒಣಾ ಸಿಪ್ಪಿ ಗಂಟ ಕಟ್ಟಿ ಕೊಡ್ತೇನಿ, ಕಂಬಳಿ ಟ್ರಂಕಿನಾಗ ಇಡು. ಕುರಿ ವಾಸನಿ ಕಡಿಮಿ ಆಗ್ತದ."

"ಕಂಬಳಿಗೋ, ಇವರಿಗೋ?" ಅಂದಳು ಬೋರವ್ವ.

ಅರವತ್ತು ಊಟ ಹೊತ್ತಿಗೆ ಸರಿಯಾಗಿ ಬಾದಾಮಿ ಮುಟ್ಟಿದವು. ಚಟ್ನಿ ಮೊದಲು ಖಾಲಿಯಾಯಿತು. "ಇದರಾಗ ಏನ ಹಾಕೀರಿ?" ಎಂದು ಅಂಗನವಾಡಿ ಬಾಯಿಯೊಬ್ಬರು ಕೇಳಿದರು. ಹೆಂಗಸರಿಬ್ಬರೂ ಬಾಯಿ ತೆರೆಯುವ ಮೊದಲೇ ಬುಟ್ಟಿ ಹೊತ್ತು ಬಂದ ಹುಲ್ಲಪ್ಪ ಮುಂದೆ ಬಂದ.

"ಲಿಂಬಿ ಸಿಪ್ಪಿ ಪುಡಿರಿ. ಮಂದಿ ಇದನ್ನ ಕಂಡ್ರ ಸುಮ್ಸುಮ್ಕ ಅಂಜತಾರ್ರಿ" ಎಂದು ಮೀಸೆ ತಿರುವಿದ.

ಬೋರವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹೊರಗೆ ಬಂದ ಮೇಲೆ ಚಂದವ್ವನ ಕೈ ಹಿಡಿದು, "ಮಂಗಳವಾರದ ಸಂಘದ ಸಭಾದಾಗ ಎಲ್ಲಾರಿಗೂ ತೋರಸೂಣು. ರೊಟ್ಟಿನೂ ತೆಳ್ಳಗ ಬಡೀತೇನಿ" ಅಂದಳು.

ಅವ್ವಾರ, ಅಕ್ಕಾರ, ಅಣ್ಣಾರ, ಇವತ್ತು ನಿಮ್ಮ ಮನಿಯಾಗೂ ಲಿಂಬಿ ಹಿಂಡತೀರಿ. ಆ ಸಿಪ್ಪಿ ಗಟಾರಕ್ಕ ಒಗದು ನಾರಸಬ್ಯಾಡ್ರಿ. ತೊಳದು, ಅರಿವಿ ಮುಚ್ಚಿ, ಒಣಗಿಸ್ರಿ. ಚಿಟಿಕಿಯಷ್ಟ ಅಡಗಿಗೆ, ಉಳದದ್ದು ಭಾಂಡಿ ತಿಕ್ಕಾಕ, ಟ್ರಂಕಿಗೆ ಬಳಸ್ರಿ. ಜಡ್ಡಾದ್ರ ದವಾಖಾನಿಗೆ ಹೋಗ್ರಿ. ಮತ್ತ ಬಾಗಲದಾಗ ಲಿಂಬಿ ಬಿದ್ದಿದ್ರ ಬಿಡಸಾಂವನ್ನ ಹುಡಕಬ್ಯಾಡ್ರಿ, ಮದಲ ಮಗ್ಗಲ ಮನಿಯವ್ರನ್ನ ಕೇಳ್ರಿ.