ಬಿರುಕು ಬಿಟ್ಟ ದ್ವೀಪ

ಬೆಳಿಗ್ಗೆ ಎದ್ದು ನೋಡಿದರೆ ಐಸ್‌ಲ್ಯಾಂಡ್ ನಡುವೆ ಸೀಳಿಹೋಗಿತ್ತು. ಮಗಳ ಸ್ಕೂಲ್ ಪ್ರಾಜೆಕ್ಟಿಗೆಂದು ರಾಗಿಮುದ್ದೆಯಲ್ಲಿ ದ್ವೀಪ ಕಟ್ಟಿದರೆ ಇನ್ನೇನಾದೀತು? ಚನ್ನಕೇಶವ ಕೈ ಒದ್ದೆ ಮಾಡಿಕೊಂಡು ಮೆತ್ತಲು ಹೋದ.

"ಅಪ್ಪಾ, ಡೋಂಟ್ ಫಿಕ್ಸ್ ಇಟ್," ಎಂದಳು ಮಗಳು ಅನಘಾ. "ಐಸ್‌ಲ್ಯಾಂಡ್ ಇರೋದೇ ಹಾಗೆ."

ವಾರದಿಂದ ಮುಖ ಊದಿಸಿಕೊಂಡಿದ್ದವಳು ಅಷ್ಟಾದರೂ ಮಾತಾಡಿದಳಲ್ಲ ಅನ್ನಿಸಿತು ಅವನಿಗೆ. ಮುನಿಸೆಲ್ಲ ಹೆಸರಿನದು. ಮನೆತನದ ಹೆಸರೇ ಇಲ್ಲದ ಮಂದಿ ಅಮೆರಿಕದ ಪ್ಲೇನೋ ಊರಿಗೆ ಬಂದರೆ, ಲಾಸ್ಟ್ ನೇಮ್ ಅಂದಲ್ಲೆಲ್ಲ ಅವರವರ ಅಪ್ಪಂದಿರೇ ಬಂದು ಕೂರುತ್ತಾರೆ. ಅವನಿಗೆ ನಂಜುಂಡಯ್ಯ, ಹೆಂಡತಿ ಅನುಸೂಯಾಗೆ ವೆಂಕಟೇಶ್, ಮಗಳಿಗೆ ಚನ್ನಕೇಶವ. ನಿಮ್ಮಪ್ಪ ಅಮ್ಮ ಡಿವೋರ್ಸ್ ಆಗಿದ್ದಾರಾ ಎಂದು ಕ್ಲಾಸಿನಲ್ಲಿ ಯಾರೋ ಕೇಳಿದ್ದರು. ಸಿಟಿಜನ್‌ಶಿಪ್ ಸಿಗುವಾಗ ಹೆಸರು ಬದಲಾಯಿಸಲೇಬೇಕು ಎಂದು ಅವಳ ಹಟ. "ಆಗಲಿ ಬಿಡಮ್ಮ," ಎಂದಿದ್ದ. ಬಾಯಲ್ಲಿ ಹೇಳುವುದು ಸುಲಭ, ತನ್ನ ಹೆಸರೇ ಅವಳಿಗೆ ಬೇಡವಾಯಿತಲ್ಲ ಎಂದು ನೊಂದಿದ್ದ.

ಸ್ಕೂಲಿನಲ್ಲಿ ಅಪ್ಪ ಅಮ್ಮಂದಿರೆಲ್ಲ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಅನಘಾ ಬಿರುಕು ತೋರಿಸಿ ಶುರುಮಾಡಿದಳು. ನೆಲದಡಿಯಲ್ಲಿ ಈ ಕಡೆ ಅಮೆರಿಕ ಎಳೆಯುತ್ತದೆ, ಆ ಕಡೆ ಯುರೋಪು. ನಡುವೆ ಬೆಂಕಿ ಉಕ್ಕಿ ಹೊಸ ನೆಲವಾಗುತ್ತದೆ. ಸಾವಿರ ವರ್ಷದ ಹಿಂದೆ ಅಂಥ ಬಿರುಕಿನ ಪಕ್ಕದಲ್ಲೇ ಸಭೆ ಸೇರಿ ಜನ ಕಾನೂನು ಮಾಡುತ್ತಿದ್ದರು. ಹೇಳುತ್ತ ವಿನೆಗರ್ ಸುರಿದಳು. ಅನುಸೂಯಾ ಕುಂಕುಮ ಕಲೆಸಿ ಬಿರುಕಿನಲ್ಲಿಟ್ಟಿದ್ದ ಅಡುಗೆ ಸೋಡಾ ಕೆಂಪಗೆ ಉಕ್ಕಿ ಮೇಜಿನಿಂದಿಳಿಯಿತು. ಕ್ಲಾಸು ಹೋ ಎಂದಿತು.

"ಇನ್ನೊಂದಿದೆ," ಎಂದಳು ಮಗಳು ಇಂಗ್ಲಿಷಿನಲ್ಲೇ. "ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ಇಂಥವರ ಮಗ, ಇಂಥವರ ಮಗಳು, ಅಷ್ಟೇ. ಮದುವೆಯಾದರೂ ಅಮ್ಮಂದಿರು ಬದಲಾಯಿಸಲ್ಲ. ಒಂದೇ ಮನೆಯಲ್ಲಿ ಎಲ್ಲರದೂ ಬೇರೆ. ಹಾಗಂತ ಯಾರೂ ಡಿವೋರ್ಸ್ ಆಗಿರಲ್ಲ."

ಒಂದಿಬ್ಬರು ನಕ್ಕರು. ಅನಘಾ ಹಿಂದಿನ ಕುರ್ಚಿಗಳತ್ತ ಕೈ ತೋರಿಸಿದಳು.

"ದಟ್ಸ್ ಚನ್ನಕೇಶವ. ಐ ಆಮ್ ಹಿಸ್ ಡಾಟರ್."

ಅನುಸೂಯಾ ಗಂಡನ ತೋಳು ಚಿವುಟಿದಳು.

ಮನೆಗೆ ಡ್ರೈವ್ ಮಾಡುವಾಗ ಕೇಳಿದ, "ಮತ್ತೆ ಹೆಸರು ಚೇಂಜ್ ಮಾಡ್ಸೋದು?"

"ನಾಹ್," ಎಂದಳು ಹಿಂದಿನ ಸೀಟಿನಿಂದ. "ನೀನು ಮೆಲ್ಲಗೆ ಓಡಿಸು."

ಕನ್ನಡಿಯಲ್ಲಿ ನೋಡಿದ. ದ್ವೀಪ ಅವಳ ತೊಡೆಯ ಮೇಲಿತ್ತು. ಬ್ರೇಕ್ ಹಾಕಿದಾಗಲೆಲ್ಲ ಅದರ ಎರಡು ಹೋಳನ್ನೂ ಎರಡು ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದಳು.