ಎರಡು ಗಂಟೆಗೊಂದು ಮಗ್ಗುಲು

ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಹದಿನಾಲ್ಕನೇ ಹಾಸಿಗೆಯ ಟೈಲರನ್ನು ಯಾರೂ ಮಗ್ಗುಲು ಬದಲಿಸಿ ಮಲಗಿಸಲಿಲ್ಲ. ಹಾಸಿಗೆಯ ತುದಿಗೆ ನೇತುಹಾಕಿದ್ದ ಹಾಳೆಯಲ್ಲಿ ನಾಲ್ಕು ಸಲ ಬದಲಿಸಿದ್ದಕ್ಕೆ ನಾಲ್ಕು ಗುರುತುಗಳಿದ್ದವು. ನಾಲ್ಕನ್ನೂ ಬೆಳಿಗ್ಗೆ ಎಂಟಕ್ಕೇ ಹಾಕಿ ಮುಗಿಸಲಾಗಿತ್ತು.

ಟೈಲರಿಗೆ ಲಕ್ವ ಹೊಡೆದು ಆರು ದಿನವಾಗಿತ್ತು. ಎಡಗೈ, ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ನಾಲಿಗೆ ತೊದಲುತ್ತಿತ್ತು. ಆದರೂ ಡಾಕ್ಟರು ಧೈರ್ಯ ಹೇಳಿದ್ದರು: ಬರುವ ವಾರದಿಂದ ಎಬ್ಬಿಸಿ ಕೂರಿಸಿ ವ್ಯಾಯಾಮ ಶುರು ಮಾಡೋಣ, ಮತ್ತೆ ಮಿಷನ್ ಮುಂದೆ ಕೂರುವ ಆಸೆ ಇಟ್ಟುಕೊಳ್ಳಬಹುದು. ಗಂಡ ಹೆಂಡತಿ ಇಬ್ಬರೂ ಆ ಒಂದು ಮಾತನ್ನು ಹಿಡಿದುಕೊಂಡು ದಿನ ನೂಕುತ್ತಿದ್ದರು.

ಅಂದು ಸಂಜೆ ಹೆಂಡತಿ ಗಂಡನ ಮೈ ಒರೆಸುತ್ತಿದ್ದಳು. ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಕೋಟಿನ ಗುಂಡಿಯಷ್ಟು ಅಗಲದ ಕೆಂಪು ಮಚ್ಚೆ ಕಂಡಿತು. ಆಕೆ ಎಣ್ಣೆ ತೆಗೆದುಕೊಂಡು ಗಸಗಸ ಉಜ್ಜಿದಳು. ಮಾರನೇ ದಿನ ಮಚ್ಚೆ ಇನ್ನೂ ಅಗಲವಾಗಿತ್ತು.

"ಅತ್ತಿಗೆ, ಇಲ್ನೋಡಿ. ನಿನ್ನೆ ಇಷ್ಟಿರ್ಲಿಲ್ಲ" ಎಂದಳು.

ಅತ್ತಿಗೆ ಎಂದರೆ ಟೈಲರನ ಅಕ್ಕ. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತಿಯಾದವಳು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಕೇಳಿಸುವ ಗಂಟಲು. ಯಾರನ್ನೂ ಒಂದೇ ಸಲಕ್ಕೆ ನಂಬುವ ಪೈಕಿ ಅಲ್ಲ.

"ಮಲಗಿದ ಮೈಗೆ ಹುಣ್ಣು, ನಿಂತ ನೀರಿಗೆ ಪಾಚಿ. ಅದು ಬಂದೇ ಬರುತ್ತೆ ಕಣೇ" ಎಂದಳು ಅಕ್ಕ. "ನಮ್ಮ ಡ್ರೈವರ್ ಒಬ್ಬ ಹೀಗೇ ಮಲಗಿದ್ದ. ಬೆನ್ನೆಲ್ಲಾ ಹುಣ್ಣು. ಹಣೇಲಿ ಬರೆದಿದ್ದನ್ನ ಒರೆಸೋಕಾಗುತ್ತಾ?"

ಹೆಂಡತಿ ಹಣೆಬರಹಕ್ಕೆ ಬಿಟ್ಟು ಕೂರಲಿಲ್ಲ. ಆಕೆಯೂ ಹೊಲಿಗೆಯವಳೇ. ಮನೆಗೆ ಹೋಗಿ ಉಳಿಕೆ ಬಟ್ಟೆ ಆರಿಸಿ, ಹತ್ತಿ ಬಿಗಿಯಾಗಿ ತುಂಬಿ, ನಡುವೆ ತೂತಿರುವ ಒಂದು ದುಂಡನೆಯ ದಿಂಬು ಹೊಲಿದಳು. ಮಚ್ಚೆ ಇರುವ ಜಾಗ ತೂತಿನೊಳಗೆ ಬಂದರೆ ಅದಕ್ಕೇನೂ ತಾಗುವುದಿಲ್ಲ ಎಂಬುದು ಆಕೆಯ ಲೆಕ್ಕಾಚಾರ. ಅಂಚಿಗೆ ಎರಡು ಸಾಲು ಹೊಲಿಗೆ, ಎಲ್ಲೂ ಒಂದು ಸುಕ್ಕಿಲ್ಲ. ಅದನ್ನು ಟೈಲರನ ಸೊಂಟದ ಕೆಳಗೆ ಇಡುತ್ತಿದ್ದಾಗ ನರ್ಸು ಬಂದರು.

ಈ ನರ್ಸನ್ನು ವಾರ್ಡಿನವರೆಲ್ಲ ಗಡಿಯಾರದ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಯಾವಾಗ ನೋಡಿದರೂ ಗೋಡೆಯ ಗಡಿಯಾರ ನೋಡಿ ಒಂದು ನೋಟ್ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ದಿಂಬನ್ನು ಕೈಗೆತ್ತಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಎಷ್ಟು ಚೆನ್ನಾಗಿ ಹೊಲಿದಿದ್ದೀರಮ್ಮ. ಆದ್ರೆ ಇದನ್ನ ಬಿಚ್ಚಬೇಕಲ್ಲ."

"ಯಾಕೆ ಸಿಸ್ಟರ್? ರಾತ್ರಿಯೆಲ್ಲಾ ಕೂತು ಹೊಲಿದಿದ್ದು."

"ಬೆರಳಿಗೆ ಬಿಗಿಯಾಗಿ ದಾರ ಸುತ್ತಿ ನೋಡಿ. ತುದಿ ಏನಾಗುತ್ತೆ?"

"ಬಿಳಚಿಕೊಳ್ಳುತ್ತೆ, ಆಮೇಲೆ ನೀಲಿಯಾಗುತ್ತೆ."

"ರಕ್ತ ಬರೋ ದಾರಿ ಮುಚ್ಚೋದಕ್ಕೆ ಹಾಗಾಗೋದು. ಈ ತೂತಿನ ದಿಂಬೂ ಸುತ್ತಲೂ ಒತ್ತಿ ಅದನ್ನೇ ಮಾಡುತ್ತೆ. ಉಜ್ಜೋದೂ ಬೇಡ. ಒಳಗೆ ನೊಂದಿರೋ ಚರ್ಮ, ಇನ್ನಷ್ಟು ನೋಯುತ್ತೆ."

ನರ್ಸು ಮಚ್ಚೆಯ ಮೇಲೆ ಬೆರಳು ಒತ್ತಿ ತೆಗೆದರು. ಕೆಂಪು ಒಂದಿಷ್ಟೂ ಬಿಳಚಲಿಲ್ಲ.

"ನೋಡಿ. ಒತ್ತಿದ್ರೂ ಬಣ್ಣ ಬಿಡ್ಲಿಲ್ಲ ಅಂದ್ರೆ ಹುಣ್ಣು ಬಾಗಿಲಿಗೆ ಬಂದು ನಿಂತಿದೆ ಅಂತ. ಕಪ್ಪು ಮೈಯವರಿಗೆ ಕೆಂಪು ಕಾಣಿಸ್ದೇ ಇರಬಹುದು. ಆವಾಗ ಮುಟ್ಟಿ ನೋಡ್ಬೇಕು, ಆ ಜಾಗ ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ. ಇದು ಒಡೆದ್ರೆ ತಿಂಗಳುಗಟ್ಟಲೆ ವಾಸಿಯಾಗಲ್ಲ. ಕೂರಿಸೋದಕ್ಕೂ ಆಗಲ್ಲ, ವ್ಯಾಯಾಮಾನೂ ನಿಲ್ಲುತ್ತೆ."

ಹೆಂಡತಿ ಅವರ ಕೈಯಿಂದ ದಿಂಬು ವಾಪಸ್ ತೆಗೆದುಕೊಂಡು ಬದಿಗಿಟ್ಟಳು.

ಟೈಲರ್ ಇದನ್ನೆಲ್ಲ ಕೇಳುತ್ತ ಮಲಗಿದ್ದ. ಬಲಗೈ ಎತ್ತಿ, ನಾಲಿಗೆಯನ್ನು ಕಷ್ಟಪಟ್ಟು ತಿರುಗಿಸಿ, "ಇಸ್... ತ್ರಿ" ಎಂದ.

ಹೆಂಡತಿಗೆ ತಕ್ಷಣ ತಿಳಿಯಿತು. "ಇಸ್ತ್ರಿಪೆಟ್ಟಿಗೆ ಸಿಸ್ಟರ್. ಒಂದ್ಸಲ ವಕೀಲರ ಕೋಟಿನ ಮೇಲೆ ಇಟ್ಟು ಮರ್ತಿದ್ದೆ. ಬೆನ್ನಲ್ಲಿ ಸುಟ್ಟುಹೋಯ್ತು. ಒಂದೇ ಕಡೆ ಇಡಬಾರದು, ಆಡಿಸ್ತಾ ಇರಬೇಕು ಅಂತ ಇವತ್ತಿಗೂ ಬೈತಾರೆ."

"ಕೇಳಿದ್ರಾ? ನಾನು ಒಂದು ಗಂಟೆ ಪಾಠ ಮಾಡೋದನ್ನ ಇವರು ಒಂದೇ ಮಾತಲ್ಲಿ ಹೇಳಿದ್ರು" ಎಂದು ನರ್ಸು ನಕ್ಕರು. "ಮೈ ಭಾರಾನೇ ಇಸ್ತ್ರಿಪೆಟ್ಟಿಗೆ. ಅದಕ್ಕೇ ಎರಡು ಗಂಟೆಗೊಂದು ಮಗ್ಗುಲು."

ಅಕ್ಕ ಸುಮ್ಮನಿರುವವಳಲ್ಲ. ಹಾಳೆಯನ್ನು ಕಿತ್ತು ನರ್ಸಿನ ಮುಂದೆ ಹಿಡಿದಳು. "ಹಾಗಾದ್ರೆ ಇದೇನಮ್ಮ? ಎರಡು ಗಂಟೆಗೊಂದು ಗುರುತು ಹಾಕಿದ್ದೀರಲ್ಲ. ಬದಲಾಯಿಸಿದ್ರೂ ಹುಣ್ಣು ಬಂತು ತಾನೆ? ನಾನು ಹೇಳಿದ್ದೇ ನಿಜ."

ಪಕ್ಕದ ಹಾಸಿಗೆಗೆ ಬಟ್ಟೆ ಹಾಸುತ್ತಿದ್ದ ಆಯಮ್ಮ ಅಲ್ಲೇ ನಿಂತುಬಿಟ್ಟರು. ಗುರುತುಗಳು ಅವರವೇ.

"ನಾನೇ ಹಾಕಿದ್ದು" ಎಂದರು ತಲೆ ಎತ್ತದೆ. "ಬೆಳಿಗ್ಗೆ ಬಂದ ತಕ್ಷಣ ಎಲ್ಲಾ ಹಾಸಿಗೆಗೂ ಹಾಕಿಬಿಡ್ತೀವಿ. ನಾನು ಸೇರಿದಾಗಿಂದ ಹೀಗೇ. ಮೂವತ್ತೆರಡು ಹಾಸಿಗೆ, ನಾವು ಇಬ್ಬರು. ಒಬ್ಬರನ್ನ ಎಕ್ಸ್‌ರೇಗೆ ತಳ್ಕೊಂಡು ಹೋದ್ರೆ ಒಬ್ಬಳೇ. ಎಂಬತ್ತು ಕೆ.ಜಿ. ಮನುಷ್ಯನ್ನ ಒಬ್ಬಳು ಹೇಗೆ ಹೊರಳಿಸ್ಲಿ? ಚೌಕ ಖಾಲಿ ಬಿಟ್ರೆ ಮೆಮೊ ಕೊಡ್ತಾರೆ. ಮೈ ಹುಣ್ಣಾದ್ರೆ ಯಾರೂ ಕೇಳಲ್ಲ."

ಅಕ್ಕ ಬೈಯಲು ಹೊರಟವಳು ಹಾಳೆಯನ್ನು ಮತ್ತೆ ಹಾಸಿಗೆಯ ತುದಿಗೆ ನೇತುಹಾಕಿದಳು. ಇಬ್ಬರ ಕೈಗೆ ಮೂವತ್ತೆರಡು ಹಾಸಿಗೆ ಕಟ್ಟಿದವರು ಯಾರು? ಆಯಮ್ಮ ಅಲ್ಲ. ಆದರೆ ಸುಳ್ಳು ಗುರುತಿನ ಪಾಪ ಮಾತ್ರ ಅವರ ಹೆಸರಿನಲ್ಲಿ.

ಗಡಿಯಾರದ ಸಿಸ್ಟರ್ ತಮ್ಮ ನೋಟ್ ಪುಸ್ತಕ ತೆರೆದರು. ಅವರು ಮಾಡುತ್ತಿದ್ದದ್ದು ಸಂಶೋಧನೆ. ಸಂಶೋಧನೆ ಎಂದರೆ ಗಾಜಿನ ಕೊಳವೆ, ದೊಡ್ಡ ಯಂತ್ರ ಎಂದುಕೊಂಡವರು ಆ ನಲವತ್ತು ಪುಟದ ಪುಸ್ತಕ ನೋಡಬೇಕಿತ್ತು. ತಮ್ಮ ರಜೆಯ ದಿನಗಳಲ್ಲಿ ಬಂದು, ಕಪಾಟಿನ ಧೂಳು ಕೊಡವಿ, ಹಿಂದಿನ ಎರಡು ತಿಂಗಳ ಹಾಳೆಗಳನ್ನೆಲ್ಲ ಓದಿದ್ದರು.

"ಎದ್ದು ಓಡಾಡೋಕಾಗದವರು ಇಪ್ಪತ್ತಾರು ಜನ ಇದ್ರು. ಒಂಬತ್ತು ಜನಕ್ಕೆ ಹುಣ್ಣಾಗಿದೆ. ಆ ಒಂಬತ್ತೂ ಹಾಳೇಲಿ ಒಂದೇ ಒಂದು ಚೌಕ ಖಾಲಿ ಇಲ್ಲ. ಹಾಳೆ ನಂಬಿದ್ರೆ ನಾವು ಮಾಡೋದಕ್ಕೆ ಏನೂ ಉಳಿದಿಲ್ಲ. ಅದಕ್ಕೇ ಆಯಮ್ಮ, ನಾಳೆಯಿಂದ ಒಂದು ಮಾಡೋಣ. ಆಗದೇ ಇದ್ದಾಗ ಚೌಕ ಖಾಲಿ ಬಿಡಿ. ಯಾಕೆ ಆಗ್ಲಿಲ್ಲ ಅಂತ ಕೆಳಗೆ ಎರಡು ಮಾತು ಬರೀರಿ. ಬೈದ್ರೆ ನನ್ನ ಹೆಸರು ಹೇಳಿ."

"ಬೈಗುಳ ನಿಮಗೆ, ಕೆಲಸ ನನಗೆ. ಆಗ್ಲಿ" ಎಂದರು ಆಯಮ್ಮ.

ಎಲ್ಲರೂ ಸೇರಿ ಔಷಧಿ ಡಬ್ಬದ ರಟ್ಟು ಕತ್ತರಿಸಿ ಹಾಸಿಗೆಗೊಂದು ಗಡಿಯಾರ ಮಾಡಿದರು. ಮುಳ್ಳು ಒಂದೇ. ಅಂಕಿಗಳ ಬದಲು ಎಡ, ಅಂಗಾತ, ಬಲ; ಹೊರಳಿಸಿದಾಗಲೆಲ್ಲ ಮುಳ್ಳನ್ನು ಆ ಮಗ್ಗುಲಿಗೆ ತಿರುಗಿಸಬೇಕು. ಮುಳ್ಳು ಸಲೀಸಾಗಿ ತಿರುಗಲೆಂದು ನಡುವೆ ಟೈಲರನ ಡಬ್ಬಿಯಿಂದ ತಂದ ಅಂಗಿಯ ಗುಂಡಿ. ಹೆಂಡತಿ ತೂತಿನ ದಿಂಬು ಬಿಚ್ಚಿ, ಅದೇ ಹತ್ತಿಯಲ್ಲಿ ಉದ್ದ ದಿಂಬುಗಳನ್ನು ಹೊಲಿದಳು. ಬೆನ್ನಿನ ಹಿಂದೆ ಒಂದು, ಮಂಡಿಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಒಂದು.

"ಮಚ್ಚೆ ಹೋಗೋವರೆಗೂ ಇವರಿಗೆ ಅಂಗಾತ ಬೇಡ. ಪೂರ್ತಿ ಪಕ್ಕಕ್ಕೂ ಬೇಡ, ಸ್ವಲ್ಪ ವಾಲಿಸಿದ್ರೆ ಸಾಕು" ಎಂದು ನರ್ಸು ತೋರಿಸಿಕೊಟ್ಟರು. "ಎಳೀಬೇಡಿ. ಕೆಳಗಿನ ಬಟ್ಟೆ ಹಿಡಿದು ಇಬ್ಬರೂ ಒಟ್ಟಿಗೆ ಎತ್ತಿ."

"ಎಳೆದ್ರೆ ಹೊಲಿಗೆ ಬಿಡುತ್ತೆ. ಅಷ್ಟು ನನಗೂ ಗೊತ್ತು" ಎಂದಳು ಹೆಂಡತಿ.

"ರೈಟ್, ರೈಟ್" ಎಂದು ಅಕ್ಕ ತನ್ನ ಹಳೆಯ ಗಂಟಲಿನಲ್ಲಿ ಕೂಗಿದಾಗ ಹೆಂಡತಿ, ಆಯಮ್ಮ ಇಬ್ಬರೂ ಎತ್ತಿದರು. ತೊದಲು ನಾಲಿಗೆಯ ಟೈಲರ್ ಮೊದಲ ಸಲ ನಕ್ಕ.

ಒಂದು ವಾರದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ಎಲ್ಲರಿಗೂ ಒಂದು ಸಂಗತಿ ಕಂಡಿತು. ಖಾಲಿ ಚೌಕಗಳೆಲ್ಲ ಹನ್ನೆರಡರಿಂದ ಎರಡರ ನಡುವೆಯೇ ಸಾಲಾಗಿ ನಿಂತಿದ್ದವು. ಊಟದ ಗಾಡಿ ಬರುವ ಹೊತ್ತು ಅದು, ಎಕ್ಸ್‌ರೇಗೆ ಕರೆಯುವ ಹೊತ್ತೂ ಅದೇ. ಮಧ್ಯಾಹ್ನಕ್ಕೆ ಮೂರನೇ ಆಯಾ ಬೇಕು ಎಂದು ಗಡಿಯಾರದ ಸಿಸ್ಟರ್ ಹಾಳೆಗಳ ಸಮೇತ ಮೇಲಿನವರಿಗೆ ಬರೆದರು. ಉತ್ತರ ಬರುವವರೆಗೆ ಮನೆಯವರಿಗೇ ಎತ್ತುವುದನ್ನು ಕಲಿಸಿದರು. ಅಕ್ಕ ಹನ್ನೆರಡಕ್ಕೆ ಸರಿಯಾಗಿ ಬಂದು, ತಮ್ಮನದು ಮುಗಿಸಿ, ಯಾರೂ ಇಲ್ಲದ ಹನ್ನೊಂದನೇ ಹಾಸಿಗೆಯ ಅಜ್ಜನನ್ನು ಆಯಮ್ಮನ ಜೊತೆ ಸೇರಿ ಹೊರಳಿಸಿಯೇ ಊಟಕ್ಕೆ ಕೂರುತ್ತಿದ್ದಳು.

"ಏನತ್ತಿಗೆ, ನಿಂತ ನೀರಿಗೆ ಪಾಚಿ ಅಂತಿದ್ರಿ?" ಎಂದು ಹೆಂಡತಿ ಕೆಣಕಿದಳು.

"ನೀರು ನಿಲ್ಲೋಕೆ ಬಿಟ್ರೆ ತಾನೆ ಪಾಚಿ" ಎಂದಳು ಅಕ್ಕ. "ಒಂದು ಮಾತು ಹೇಳ್ತೀನಿ ಕೇಳು. ಬಸ್ಸಲ್ಲಿ ಜನ ಬಾಗಿಲಿಗೆ ನೇತಾಡ್ತಾ ಇದ್ರೂ 'ಎಲ್ಲಾ ಸರಿಯಾಗಿದೆ' ಅಂತ ನಾನು ಶೀಟಲ್ಲಿ ಬರೆದ್ರೆ, ಆ ರೂಟಿಗೆ ಇನ್ನೊಂದು ಬಸ್ ಯಾರು ಹಾಕ್ತಾರೆ? ಈ ಸಿಸ್ಟರ್ ಹೇಳ್ತಿರೋದೂ ಅದೇ. ನನ್ನ ಮಂಡೆಗೆ ಹೋಗೋಕೆ ಒಂದು ವಾರ ಬೇಕಾಯ್ತು."

ರಟ್ಟಿನ ಗಡಿಯಾರ ಕಟ್ಟಿದ ನಾಲ್ಕನೇ ದಿನಕ್ಕೆ ಮಸುಕಾಗಿದ್ದ ಟೈಲರನ ಮಚ್ಚೆ ಹನ್ನೊಂದನೇ ದಿನಕ್ಕೆ ಹುಡುಕಿದರೂ ಕಾಣಲಿಲ್ಲ. ಆತನನ್ನು ಎಬ್ಬಿಸಿ ಕೂರಿಸಿದರು. ಐದನೇ ವಾರ, ಗೋಡೆ ಹಿಡಿದು, ಹೆಂಡತಿಯ ಹೆಗಲ ಮೇಲೆ ಕೈ ಹಾಕಿ, ಆತ ಮನೆಗೆ ಹೊರಟ. ಆ ಐದು ವಾರದಲ್ಲಿ ಹಾಸಿಗೆ ಹಿಡಿದಿದ್ದ ಹತ್ತೊಂಬತ್ತು ಜನರಲ್ಲಿ ಹುಣ್ಣಾದದ್ದು ಇಬ್ಬರಿಗೆ. ಹಾಳೆಗಳ ತುಂಬ ಖಾಲಿ ಚೌಕ, ಮೈ ಮೇಲೆ ಹುಣ್ಣು ಕಡಿಮೆ. ಒಂದೇ ವಾರ್ಡಿನ ಪುಟ್ಟ ಲೆಕ್ಕ ಇದು, ಇನ್ನೂ ನೋಡಬೇಕು ಎಂದು ಗಡಿಯಾರದ ಸಿಸ್ಟರ್ ಕೊನೆಯ ಪುಟದಲ್ಲಿ ಬರೆದುಕೊಂಡರು. ತಮ್ಮ ರಜೆಯ ದಿನಗಳನ್ನು ಧೂಳಿನಲ್ಲಿ ಕಳೆದವರು ತಮ್ಮ ಗೆಲುವಿನ ಬಗ್ಗೆ ಬರೆದದ್ದು ಅಷ್ಟೇ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಹಾಸಿಗೆ ಹಿಡಿದಿದ್ದರೆ ಇವತ್ತೇ ಅವರ ಬೆನ್ನು, ಸೊಂಟ, ಹಿಮ್ಮಡಿ ನೋಡಿ. ಬಣ್ಣ ಬದಲಾದ ಜಾಗವನ್ನು ಉಜ್ಜಬೇಡಿ, ತೂತಿನ ದಿಂಬು ಇಡಬೇಡಿ, ಆ ಕಡೆ ಭಾರ ಬೀಳದಂತೆ ಮಲಗಿಸಿ ನರ್ಸಿಗೋ ಡಾಕ್ಟರಿಗೋ ತೋರಿಸಿ. ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಅವರನ್ನೇ ಕೇಳಿ, ಗೋಡೆಯ ಮೇಲೆ ಬರೆದಿಡಿ. ಚರ್ಮ ಒದ್ದೆಯಾಗಿರಲು ಬಿಡಬೇಡಿ. ಆಸ್ಪತ್ರೆಯಲ್ಲಿದ್ದರೆ ಹಾಳೆ ಕೇಳಿ ಓದಿ, ಅದು ನಿಮ್ಮವರ ಮೈಯ ಕಥೆ. ಖಾಲಿ ಚೌಕ ಕಂಡರೆ ಆಯಮ್ಮನ ಮೇಲೆ ಹಾರಬೇಡಿ. ಕೈ ಯಾಕೆ ಸಾಲಲಿಲ್ಲ ಎಂದು ಮೇಲಿನವರನ್ನು ಕೇಳಿ.

ಕೇಳುವವರು ಬೇಕು. ಯಾಕೆಂದರೆ ಟೈಲರ್ ಮನೆಗೆ ಹೋದ ಮರುವಾರ, ಬೆಳಿಗ್ಗೆ ಹತ್ತು ಗಂಟೆಗೆ, ವಾರ್ಡಿನ ಮೇಲ್ವಿಚಾರಕರು ಹಾಳೆಗಳ ಕಟ್ಟು ಹಿಡಿದು ಆಯಮ್ಮನ ಹತ್ತಿರ ಬಂದರು.

"ನಾಳೆ ತಪಾಸಣೆಗೆ ಬರ್ತಾರೆ. ಈ ಖಾಲಿ ಚೌಕ ಎಲ್ಲಾ ತುಂಬಿಸಿಬಿಡಿ. ನೋಡೋದಕ್ಕೆ ಚೆನ್ನಾಗಿರಲ್ಲ."

"ಆವತ್ತು ಆಗಿರ್ಲಿಲ್ಲ ಸಾರ್. ಯಾಕೆ ಅಂತ ಕೆಳಗೇ ಬರೆದಿದೆ."

"ಅದನ್ನ ಯಾರು ಓದ್ತಾರೆ? ಮೊದಲೆಲ್ಲಾ ಹಾಕ್ತಿರ್ಲಿಲ್ವಾ? ಐದು ನಿಮಿಷದ ಕೆಲಸ."

ಮೇಲ್ವಿಚಾರಕರು ಪೆನ್ನು ಚಾಚಿದರು. ಆಯಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಅದರ ಮುಚ್ಚಳ ಹಾಕಿ ಹಾಳೆಗಳ ಕಟ್ಟಿನ ಮೇಲೆ ವಾಪಸ್ ಇಟ್ಟರು.

"ಮೂರನೇ ಆಯಾ ಬೇಕು ಅಂತ ಕೇಳ್ತಿರೋದೇ ಈ ಚೌಕ ಸಾರ್. ತುಂಬಿಸಿದ್ರೆ ಅದರ ಬಾಯಿ ಮುಚ್ಚಿದ ಹಾಗೆ. ಹತ್ತು ಗಂಟೆ ಆಯ್ತು, ಏಳನೇ ಹಾಸಿಗೆಯವರನ್ನ ಬಲಕ್ಕೆ ಮಲಗಿಸ್ಬೇಕು. ನಾನು ಹಾಕಲ್ಲ."